ಮೊರಿತಾ ಸಾನ್ ಕೇಳಿದ ಕ್ಷಮೆ

ಮೊರಿತಾ ಸಾನ್ ನಮ್ಮ ಮನೆಯ ಬಾಗಿಲಿಗೆ ಬಂದು, ಸೊಂಟದಿಂದ ಬಗ್ಗಿ, ನನ್ನಲ್ಲಿ ಕ್ಷಮೆ ಕೇಳಿದರು. ತಪ್ಪು ಅವರದಾಗಿರಲಿಲ್ಲ, ನನ್ನದಾಗಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಕ್ಷಮೆಯನ್ನು ತೆಗೆದುಕೊಂಡೆ. ಅದರ ಜೊತೆಗೆ ಅವರು ತಂದಿದ್ದ ಸಿಹಿಯ ಡಬ್ಬಿಯನ್ನೂ ತೆಗೆದುಕೊಂಡೆ.

ಇದನ್ನು ಇಷ್ಟು ನೇರವಾಗಿ ಬರೆಯಲು ನನಗೆ ವರ್ಷಗಳು ಬೇಕಾದವು. ಡೈರಿ ಬರೆಯುವ ಅಭ್ಯಾಸ ಕಾಲೇಜಿನ ದಿನಗಳಿಂದ ಇದೆ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದಿದವಳು ನಾನು, ದಾಖಲೆಯಲ್ಲಿ ಏನಿದೆ ಎನ್ನುವಷ್ಟೇ ಏನು ಬಿಟ್ಟುಹೋಗಿದೆ ಎನ್ನುವುದೂ ಮುಖ್ಯ ಎಂದು ತರಗತಿಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡವಳು. ಆದರೆ ಇದೆಲ್ಲ ಶುರುವಾದ ಶನಿವಾರದ ಪುಟ ತೆಗೆದರೆ, ‘ಒಟ್ಟು ಹನ್ನೆರಡು ಜನ’ ಎಂದಿದೆ. ನನ್ನದೇ ಕೈಬರಹ. ನಾವು ಇದ್ದದ್ದು ಹದಿಮೂರು ಜನ. ಯಾರಿಗೂ ತೋರಿಸದ ಪುಸ್ತಕದಲ್ಲೇ ಸುಳ್ಳು ಬರೆದವಳ ನೆನಪನ್ನು ಎಷ್ಟು ನಂಬಬಹುದೋ — ಓದುವವರು ಅಷ್ಟೇ ನಂಬಲಿ.

ಅದು ಜಪಾನಿನ ಕಾವಾಸಾಕಿಯಲ್ಲಿ ಕೊರೊನಾದ ಮೊದಲ ವರ್ಷ, ನವೆಂಬರ್ ತಿಂಗಳು. ನಮ್ಮ ಕನ್ನಡ ಗುಂಪಿನ ರಾಜ್ಯೋತ್ಸವ ಆ ಸಲ ಕಂಪ್ಯೂಟರ್ ಪರದೆಯ ಮೇಲೆ ನಡೆದುಹೋಗಿತ್ತು. ಅದಕ್ಕೆಂದು ಸಮುದಾಯ ಭವನದಲ್ಲಿ ನಾನು ಮೊದಲೇ ಹಿಡಿದಿಟ್ಟಿದ್ದ ಕೋಣೆ ಮಾತ್ರ ಹಾಗೆಯೇ ಉಳಿದಿತ್ತು. ಬುಕಿಂಗ್ ರದ್ದು ಮಾಡಬೇಕಾದವಳು ನಾನು. ಮಾಡಿರಲಿಲ್ಲ.

ಗೆಳತಿ ಸುಜಾತಳ ಮಗಳು ದಿಯಾ ಆ ವರ್ಷ ಇಂಟರ್‌ನ್ಯಾಷನಲ್ ಶಾಲೆ ಮುಗಿಸಿದ್ದಳು. ಶಾಲೆ ಬಿಡುವ ಮಕ್ಕಳು ಉದ್ದನೆಯ ಗೌನು, ಕೋಟು ತೊಟ್ಟು ಕುಣಿಯುವ ಪ್ರಾಮ್ ಎಂಬ ಪಾರ್ಟಿ ವಸಂತದಲ್ಲಿ ಆಗಬೇಕಿತ್ತು, ರದ್ದಾಗಿತ್ತು. ದಿಯಾ ಎರಡು ದಿನ ಅತ್ತು ಮರೆತಳು. ಮರೆಯದವಳು ಅವಳ ತಾಯಿ.

"ನಮಗೇನಿತ್ತೇ? ಪಿಯುಸಿ ಸೆಂಡ್ ಆಫ್. ಅಮ್ಮನ ಸೀರೆಗೆ ಹತ್ತು ಕಡೆ ಪಿನ್ನು, ಒಂದು ಸಮೋಸ, ಒಂದು ಗ್ರೂಪ್ ಫೋಟೋ. ಪ್ರಿನ್ಸಿಪಾಲ್ರು ಮುಕ್ಕಾಲು ಗಂಟೆ ಶಿಸ್ತಿನ ಮೇಲೆ ಕೊರೆದ್ರು. ಅಲ್ಲಿಗೆ ಮುಗೀತು ಯೌವನ" ಎಂದಳು ಸುಜಾತ. "ಹೆಂಗೂ ಹಾಲ್ ಇದೆಯಲ್ಲ, ನಾವೇ ಒಂದು ಪ್ರಾಮ್ ಮಾಡ್ಕೊಳ್ಳೋಣ."

"ಅಮ್ಮಾ, ಪ್ಲೀಸ್. ಇಟ್ಸ್ ಸೋ ಎಂಬರಾಸಿಂಗ್" ಎಂದಳು ದಿಯಾ.

"ನಿನ್ನನ್ನ ಯಾರಮ್ಮ ಕರೆದ್ರು? ನಿಮ್ಮಪ್ಪನ್ನೂ ಕರೆಯಲ್ಲ. ಬರೀ ನಾವು."

ಹೀಗೆ ಮೂವತ್ತೈದರಿಂದ ಐವತ್ತರ ನಡುವಿನ ಹನ್ನೆರಡು ಹೆಂಗಸರು ಸೇರಿದೆವು. ಹನ್ನೆರಡು ಎಂಬುದು ನಮ್ಮ ಲೆಕ್ಕವಲ್ಲ, ಭವನದ್ದು. ಇಪ್ಪತ್ನಾಲ್ಕು ಜನರ ಕೋಣೆಯಲ್ಲಿ ಅರ್ಧದಷ್ಟೇ ಜನ ಇರಬೇಕೆಂಬ ನಿಯಮ. ಬಂದ ಪ್ರತಿಯೊಬ್ಬರ ಹೆಸರು, ಫೋನ್ ನಂಬರು, ಆ ದಿನದ ಮೈ ಶಾಖ — ಮೂರನ್ನೂ ಒಂದು ಕಾಗದದಲ್ಲಿ ತುಂಬಿ ಕೊಡಬೇಕಿತ್ತು. ಆ ಕಾಗದ ನನ್ನ ಜವಾಬ್ದಾರಿ.

ಹಳೆಯ ಗೌನುಗಳನ್ನು ಆನ್‌ಲೈನ್‌ನಲ್ಲಿ ತರಿಸಿದೆವು. ಜಪಾನಿ ಅಳತೆಯ ಗೌನು. ನಮ್ಮಲ್ಲಿ ಒಬ್ಬರ ಬೆನ್ನಿನ ಜಿಪ್ಪೂ ಮೇಲೇರಲಿಲ್ಲ. ಅವನ್ನೆಲ್ಲ ಹೊತ್ತುಕೊಂಡು ಹೋದದ್ದು ನಮ್ಮ ಬೀದಿಯ ಮೊರಿತಾ ಸಾನ್ ಅಂಗಡಿಗೆ; ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಬಟ್ಟೆ ರಿಪೇರಿಯ ಚಿಕ್ಕ ಅಂಗಡಿ. ಆಕೆಗೆ ಎಪ್ಪತ್ತು ದಾಟಿತ್ತು. ನನ್ನ ಸೀರೆಗಳಿಗೆ ಫಾಲ್ ಹಚ್ಚಿಕೊಡಲು ನನ್ನಿಂದಲೇ ಕಲಿತಿದ್ದರು, ಆಮೇಲೆ ನನಗಿಂತ ಚೆನ್ನಾಗಿ ಹಚ್ಚುತ್ತಿದ್ದರು. ಹನ್ನೆರಡು ಗೌನುಗಳ ಪಕ್ಕದ ಹೊಲಿಗೆ ಬಿಚ್ಚಿ, ಎರಡೂ ಕಡೆ ಪಟ್ಟಿ ಕೊಟ್ಟು ಅಗಲಿಸಿದರು.

ಪಿನ್ನು ಚುಚ್ಚುತ್ತಾ ಒಂದು ದಿನ ಹೇಳಿದರು — ವೃದ್ಧಾಶ್ರಮದಲ್ಲಿದ್ದ ಗಂಡನನ್ನು ಎಂಟು ತಿಂಗಳ ನಂತರ ನೋಡಲು ಅನುಮತಿ ಸಿಕ್ಕಿದೆ, ಪಾರ್ಟಿಯ ಮುಂದಿನ ಗುರುವಾರ, ಹದಿನೈದು ನಿಮಿಷ, ಪಾರದರ್ಶಕ ಫಲಕದ ಆಚೆ ಈಚೆ. ಆಮೇಲೆ ಪ್ರಾಮ್ ಎಂದರೇನು ಎಂದು ಕೇಳಿದರು. ನಾನು ವಿವರಿಸಿದೆ. "ನನ್ನ ಶಾಲೆ ಹದಿನೈದಕ್ಕೆ ಮುಗಿಯಿತು. ಮರುವಾರವೇ ಹೊಲಿಗೆ ಕಾರ್ಖಾನೆ. ವಿದಾಯಕ್ಕೆ ಅಲ್ಲಿ ಯಾರಿಗೂ ಬಿಡುವಿರಲಿಲ್ಲ" ಎಂದು ನಕ್ಕರು.

ಸುಜಾತ ತನ್ನ ಮುರುಕು ಜಪಾನಿಯಲ್ಲಿ, "ಹಾಗಾದರೆ ನೀವೂ ಬನ್ನಿ. ಬರಲೇಬೇಕು" ಎಂದುಬಿಟ್ಟಳು. ನನಗೆ ಆ ಕ್ಷಣವೇ ಹೊಳೆದದ್ದು ಹದಿಮೂರು ಎಂಬ ಸಂಖ್ಯೆ. ಹೊರಗೆ ಬಂದು ಹೇಳಿದೆ. "ಏ ಬಿಡೇ, ಒಂದು ಗಂಟೆ ಬಂದು ಹೋಗ್ತಾರೆ. ಯಾರು ತಲೆ ಎಣಿಸ್ತಾರೆ?" ಎಂದಳು. ಎಣಿಸಬೇಕಾದವಳು ನಾನೇ ಎಂಬುದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಸುಜಾತ ಫೋನ್ ಮಾಡಿದಳು.

"ಗಂಟಲು ಯಾಕೋ ಕೆರೀತಿದೆ ಕಣೇ. ಬರ್ಲಾ, ಬೇಡ್ವಾ?"

"ಜ್ವರ ಇದೆಯಾ?"

"ನೋಡ್ಕೊಂಡಿಲ್ಲ."

"ಹಾಗಾದ್ರೆ ನೋಡ್ಕೋಬೇಡ. ಮೆಣಸಿನ ಕಷಾಯ ಕುಡಿದು ಬಾ. ನೀನಿಲ್ಲದೆ ಎಂಥಾ ಪ್ರಾಮು?"

ನಗುತ್ತಾ ಹೇಳಿದೆನೆಂದು ನೆನಪು. ನಗುತ್ತಿದ್ದೆನೆಂಬುದು ನಿಜವೋ, ಆಮೇಲೆ ನಾನು ಸೇರಿಸಿಕೊಂಡದ್ದೋ — ಗೊತ್ತಿಲ್ಲ. ಮಾತು ಮಾತ್ರ ಅದೇ. ‘ನೋಡ್ಕೋಬೇಡ.’ ಭವನದ ಬಾಗಿಲಲ್ಲಿ ಥರ್ಮಾಮೀಟರ್ ಇತ್ತು, ಬಳಸಲಿಲ್ಲ. ಹನ್ನೆರಡು ಹೆಸರುಗಳ ಮುಂದೆ ನಾನೇ ಅಂಕಿ ತುಂಬಿದೆ: ಮೂವತ್ತಾರು ಪಾಯಿಂಟ್ ಎರಡು, ನಾಲ್ಕು, ಮೂರು, ಐದು. ಎಲ್ಲವೂ ಒಂದೇ ಇದ್ದರೆ ಅನುಮಾನ ಬಂದೀತೆಂದು ಹೆಚ್ಚುಕಡಿಮೆ ಮಾಡಿ ಬರೆದೆ. ಇದನ್ನು ಮರೆವು ಎನ್ನಲು ಬರುವುದಿಲ್ಲ.

ಮಧ್ಯಾಹ್ನ ಎರಡಕ್ಕೆ ಶುರುವಾಯಿತು. ಗಾಳಿಯಾಡಲೆಂದು ಕಿಟಕಿಗಳೆಲ್ಲ ತೆರೆದಿದ್ದವು; ಗೌನಿನ ಮೇಲೆ ಸ್ವೆಟರ್ ಹಾಕಿಕೊಂಡು ಕುಣಿದೆವು. ಮೊರಿತಾ ಸಾನ್ ತಾವೇ ಹೊಲಿದ ಕಡುನೀಲಿ ಉಡುಪಿನಲ್ಲಿ ಬಂದರು. ಪ್ರಾಮ್ ರಾಣಿಯನ್ನು ಚಪ್ಪಾಳೆಯಿಂದ ಆರಿಸಬೇಕೆಂದಾಗ ಚಪ್ಪಾಳೆ ಒಬ್ಬರಿಗೇ ಬಿತ್ತು. ಸುಜಾತ ಅವರ ತಲೆಗೆ ರಟ್ಟಿನ ಕಿರೀಟ ಇಟ್ಟು, ಕೈಹಿಡಿದು ಕುಣಿಸಿದಳು. "ಒಂದು ಫೋಟೋ, ಮಾಸ್ಕ್ ತೆಗೀರಿ, ರಾಣಿ ಮುಖ ಕಾಣ್ಬೇಕು" ಎಂದದ್ದು ಯಾರೋ ನೆನಪಿಲ್ಲ. ನಾನೇ ಇದ್ದಿರಬಹುದು. ಸುಜಾತ ಅವರ ಕೆನ್ನೆಗೆ ಕೆನ್ನೆ ತಾಗಿಸಿ ನಿಂತಳು. ಫೋಟೋ ತೆಗೆದವಳು ನಾನು, ಆದ್ದರಿಂದ ಆ ಫೋಟೋದಲ್ಲೂ ಹನ್ನೆರಡೇ ಮುಖಗಳಿವೆ. ಅದು ನನ್ನ ಡೈರಿಗೆ ಸಾಕ್ಷಿ ಹೇಳುವಂತಿದೆ. ಇಲ್ಲದ ಮುಖ ನನ್ನದು.

ಭಾನುವಾರ ಸುಜಾತಳಿಗೆ ಜ್ವರ. ಮಂಗಳವಾರ ಪಾಸಿಟಿವ್. ಅಂದು ಸಂಜೆ ಆರೋಗ್ಯ ಕೇಂದ್ರದಿಂದ ಫೋನ್ ಬಂತು. ಭವನದಿಂದ ಪಟ್ಟಿ ತರಿಸಿಕೊಂಡಿದ್ದರು. ಸಣ್ಣ ದನಿಯ ಹೆಂಗಸು, ತುಂಬ ದಣಿದಿದ್ದರು.

"ಪಟ್ಟಿಯಲ್ಲಿರುವ ಹನ್ನೆರಡು ಜನರ ಹೊರತು ಬೇರೆ ಯಾರಾದರೂ ಬಂದಿದ್ದರೇ?"

"ಇಲ್ಲ. ಹನ್ನೆರಡೇ ಜನ."

ಯಾಕೆ ಹಾಗೆ ಹೇಳಿದೆ? ಈ ಪ್ರಶ್ನೆಗೆ ಡೈರಿಯ ಬೇರೆ ಬೇರೆ ಪುಟಗಳಲ್ಲಿ ಬೇರೆ ಬೇರೆ ಉತ್ತರ ಬರೆದಿದ್ದೇನೆ. ಭವನದವರು ನಮ್ಮ ಗುಂಪಿಗೆ ಮತ್ತೆ ಕೋಣೆ ಕೊಡದಿದ್ದರೆ ಮಕ್ಕಳ ಕನ್ನಡ ತರಗತಿ ನಿಲ್ಲುತ್ತಿತ್ತು. ಕುಟುಂಬದವರೂ ಗುಂಪುಗೂಡಬಾರದೆಂದು ನನ್ನ ಗಂಡನ ಕಂಪನಿ ಸೂಚನೆ ಕೊಟ್ಟಿತ್ತು. ಮೊರಿತಾ ಸಾನ್‌ರ ಗುರುವಾರ ಹಾಳಾಗಬಾರದೆಂದು — ಇದು ಎಲ್ಲಕ್ಕಿಂತ ಚೆಂದದ ಕಾರಣ, ಆದ್ದರಿಂದಲೇ ಇದನ್ನು ನಾನು ಎಲ್ಲಕ್ಕಿಂತ ಕಡಿಮೆ ನಂಬುತ್ತೇನೆ. ಇದು ಡೈರಿಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಐದು ತಿಂಗಳ ನಂತರ. ಆ ಕ್ಷಣದಲ್ಲಿ ನನಗೆ ಇದ್ದದ್ದು ಬಹುಶಃ ಇಷ್ಟೇ: ಬರೆದುಕೊಟ್ಟ ಅಂಕಿ ಸುಳ್ಳಾಗಬಾರದು.

ಬುಧವಾರ ಮೊರಿತಾ ಸಾನ್‌ಗೆ ಫೋನ್ ಮಾಡಿದೆ. ನಾನೇ ಹೇಳಿಬಿಡುತ್ತೇನೆ ಎಂದುಕೊಂಡೇ ಮಾಡಿದ್ದೆ. ಆಕೆ ಉತ್ಸಾಹದಲ್ಲಿದ್ದರು, ನಾಳೆಗೆಂದು ಕೂದಲು ಕತ್ತರಿಸಿಕೊಂಡು ಬಂದಿದ್ದರು. "ಅವರಿಗೆ ನನ್ನ ಗುರುತು ಸಿಗುತ್ತದೋ ಇಲ್ಲವೋ. ಮಾಸ್ಕ್ ಬೇರೆ" ಎಂದರು. ನಾನು ಗೌನುಗಳನ್ನು ಎಲ್ಲರೂ ಮೆಚ್ಚಿಕೊಂಡರೆಂದು ಹೇಳಿ ಫೋನ್ ಇಟ್ಟೆ.

ಗುರುವಾರ ಆಕೆ ಹೋದರು. ಶುಕ್ರವಾರ ಆಕೆಗೆ ಜ್ವರ ಬಂತು.

ಮುಂದಿನದನ್ನು ನಾನು ಕಣ್ಣಾರೆ ಕಂಡದ್ದಲ್ಲ, ಕೇಳಿದ್ದು. ವೃದ್ಧಾಶ್ರಮದಲ್ಲಿ ಯಾರಿಗೂ ಸೋಂಕು ತಗುಲಲಿಲ್ಲ. ಆದರೆ ಆಕೆಯ ಗಂಡನನ್ನು ಎರಡು ವಾರ ಬೇರೆ ಕೋಣೆಯಲ್ಲಿ ಒಂಟಿಯಾಗಿ ಇಟ್ಟರು. ಎಲ್ಲ ಕುಟುಂಬಗಳ ಭೇಟಿಯನ್ನೂ ನಿಲ್ಲಿಸಿದರು. ಹೊಸ ಕೋಣೆಯಲ್ಲಿ ಆತ ಸರಿಯಾಗಿ ಊಟ ಮಾಡಲಿಲ್ಲವಂತೆ. ಜನವರಿಯಲ್ಲಿ ಮತ್ತೆ ತುರ್ತು ಪರಿಸ್ಥಿತಿ ಬಂತು, ಫೆಬ್ರವರಿಯಲ್ಲಿ ಆತ ತೀರಿಕೊಂಡರು. ನಾನು ಹೇಳಿದ್ದರೆ ಆಕೆ ಆ ಗುರುವಾರ ಹೋಗುತ್ತಿರಲಿಲ್ಲ; ಗುಣವಾದ ಮೇಲೆ ಡಿಸೆಂಬರಿನಲ್ಲಿ ಹೋಗಬಹುದಿತ್ತು. ಆತ ಆಗಲೂ ಸಾಯುತ್ತಿದ್ದರೋ ಏನೋ. ಆದರೆ ತನ್ನ ಹೆಂಡತಿಯಿಂದಾಗಿ ಕೋಣೆ ಬದಲಿಸಬೇಕಾದ ಮುದುಕನಾಗಿ ಸಾಯುತ್ತಿರಲಿಲ್ಲ.

ಡಿಸೆಂಬರಿನ ಕೊನೆಯಲ್ಲಿ, ಗುಣವಾಗಿ ಮೂರು ವಾರವಾದ ಮೇಲೆ, ಆಕೆ ನಮ್ಮ ಬಾಗಿಲಿಗೆ ಬಂದರು. ಇಲ್ಲಿ ತೊಂದರೆ ಕೊಟ್ಟವರು ಹಾಗೆ ಬರುತ್ತಾರೆ — ಕಪ್ಪು ಕೋಟು, ಕೈಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಸಿಹಿಯ ಡಬ್ಬಿ. ಆಶ್ರಮದ ಇತರ ಕುಟುಂಬಗಳ ಮನೆಗೂ ಹೀಗೆಯೇ ಹೋಗಿಬಂದೆ ಎಂದರು.

"ಅಂಗಡಿಗೆ ಬಂದ ಯಾರಿಂದಲೋ ತಗುಲಿರಬೇಕು. ಸೋಂಕನ್ನು ಮೈಯಲ್ಲಿ ಇಟ್ಟುಕೊಂಡೇ ನಿಮ್ಮ ಸಂತೋಷದ ದಿನಕ್ಕೆ ಬಂದೆ. ಆರೋಗ್ಯ ಕೇಂದ್ರದವರಿಗೆ ನಿಮ್ಮ ವಿಷಯ ಹೇಳಲಿಲ್ಲ. ಮಿತಿ ಮೀರಿ ಬಂದವಳು ನಾನು, ನಿಮಗೆ ತೊಂದರೆಯಾಗಬಾರದು. ನಿಮ್ಮಲ್ಲಿ ಯಾರಿಗಾದರೂ...?"

ಆಕೆಗೆ ಸುಜಾತಳ ವಿಷಯ ಗೊತ್ತಿರಲಿಲ್ಲ. ಶನಿವಾರ ಬೆಳಗಿನ ಗಂಟಲು, ಕಷಾಯ, ಯಾವುದೂ ಗೊತ್ತಿರಲಿಲ್ಲ. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನನ್ನ ಜಪಾನಿ ಅಷ್ಟು ಕೆಟ್ಟದ್ದಲ್ಲ.

"ಚಿಂತೆ ಮಾಡಬೇಡಿ. ಎಲ್ಲರೂ ಈಗ ಗುಣವಾಗಿದ್ದಾರೆ" ಎಂದೆ.

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಲ್ಲ. ಅದನ್ನು ಕೇಳಿ ಆಕೆ ಇನ್ನಷ್ಟು ಕೆಳಗೆ ಬಗ್ಗಿದರು. ನೆತ್ತಿಯ ಬಿಳಿ ಬೈತಲೆ ನನಗೆ ಕಾಣುತ್ತಿತ್ತು. ಎಷ್ಟು ಹೊತ್ತು ಬಗ್ಗಿದ್ದರೋ ತಿಳಿಯದು. ನೆನಪಿನಲ್ಲಿ ಅದು ವರ್ಷದಿಂದ ವರ್ಷಕ್ಕೆ ಉದ್ದವಾಗಿದೆ. ಡಬ್ಬಿಯಲ್ಲಿ ಕೆಂಪು ಕಾಳಿನ ಹೂರಣದ ಸಿಹಿ ಇತ್ತು. ಮಕ್ಕಳು ತಿಂದರು. ನಾನೂ ಒಂದು ತಿಂದೆ.

ಮರುವರ್ಷ ಆಕೆ ಅಂಗಡಿ ಮುಚ್ಚಿ ಫುಕುವೋಕಾದಲ್ಲಿರುವ ಮಗಳ ಮನೆಗೆ ಹೋದರು. ಅಲ್ಲಿಂದ ಹೊಸ ವರ್ಷಕ್ಕೆ ಕಾರ್ಡ್ ಬರುತ್ತದೆ. ಶುಭಾಶಯದ ಕೆಳಗೆ, ಸಣ್ಣ ಅಕ್ಷರದಲ್ಲಿ, ಪ್ರತಿ ಸಲ ಒಂದು ಸಾಲು: ಆ ವರ್ಷ ನಿಮಗೆಲ್ಲ ತೊಂದರೆ ಕೊಟ್ಟೆ. ನಾನು ಉತ್ತರದ ಕಾರ್ಡ್ ಬರೆಯುತ್ತೇನೆ; ಆರೋಗ್ಯ ಚೆನ್ನಾಗಿರಲಿ ಎಂದು ಹಾರೈಸುತ್ತೇನೆ. ಈ ವರ್ಷದ ಕಾರ್ಡಿನಲ್ಲಿ ಕೈಬರಹ ನಡುಗಿದೆ.

ಕಳೆದ ವಾರ ಸುಜಾತಳಿಗೆ ಹೇಳಿದೆ, ಹೋಗಿ ಎಲ್ಲವನ್ನೂ ಹೇಳುತ್ತೇನೆಂದು.

"ಈಗ್ಯಾಕೆ ಮಾರಾಯ್ತಿ? ಆ ವಯಸ್ಸಿನವರ ನೆಮ್ಮದಿ ಕೆಡಿಸೋಕಾ?"

"ನೆಮ್ಮದಿ ಎಲ್ಲಿದೆ ಅವರಿಗೆ?"

"ನನ್ನ ಹೆಸರೂ ಹೇಳ್ತೀಯಾ?"

"ಹೇಳದೆ ಹೇಗೆ ಹೇಳಲಿ? ಬರಬೇಕಾ ಅಂತ ನೀನು ಕೇಳಿದ್ದೆ. ಬಾ ಅಂದವಳು ನಾನು. ಅದನ್ನೂ ಹೇಳ್ತೀನಿ."

"ಸರಿ" ಎಂದಳು. ಜೊತೆಗೆ ಬರುತ್ತೇನೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇದನ್ನು ಮೊದಲು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆಕೆಗೆ ಓದಲು ಬಾರದ ಭಾಷೆಯಲ್ಲಿ. ಇದೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆ ಎಂಬುದು ತಿಳಿದಿದೆ. ಬರುವ ತಿಂಗಳು ಫುಕುವೋಕಾಕ್ಕೆ ಹೋಗುತ್ತಿದ್ದೇನೆ. ಮೊರಿತಾ ಸಾನ್‌ರ ಮಗಳ ಜೊತೆ ಮಾತಾಡಿ ದಿನ ಗೊತ್ತುಮಾಡಿಕೊಂಡಿದ್ದೇನೆ. ಕೈಯಲ್ಲಿ ಏನನ್ನೂ ಒಯ್ಯುವುದಿಲ್ಲ. ಆಕೆ ಬಹುಶಃ ಪರವಾಗಿಲ್ಲ ಎನ್ನುತ್ತಾರೆ, ಪ್ರಯಾಣದ ಆಯಾಸ ವಿಚಾರಿಸುತ್ತಾರೆ, ಚಹಾ ಕೊಡುತ್ತಾರೆ. ಅದು ಅವರ ಸಭ್ಯತೆ. ಅದನ್ನು ಕ್ಷಮೆ ಎಂದು ಮನೆಗೆ ತರಬಾರದು. ಅಥವಾ ಎದ್ದು ಒಳಗೆ ಹೋಗಬಹುದು. ಅಥವಾ ಒಂದೇ ಪ್ರಶ್ನೆ ಕೇಳಬಹುದು: ಬುಧವಾರ ಫೋನ್ ಮಾಡಿದಾಗ ನಿಮಗೆ ಗೊತ್ತಿತ್ತೇ?

ಜಪಾನಿಯಲ್ಲಿ ಈ ಉತ್ತರವನ್ನು ಮೃದುವಾಗಿಸಿ ಹೇಳಲು ಬೇಕಾದಷ್ಟು ದಾರಿಗಳಿವೆ. ಈ ವರ್ಷಗಳಲ್ಲಿ ಅವೆಲ್ಲವನ್ನೂ ಕಲಿತಿದ್ದೇನೆ. ಅವು ಯಾವುವೂ ಇಲ್ಲದೆ ಹೇಳುತ್ತೇನೆ. ಗೊತ್ತಿತ್ತು.