ದಾದಿಯ ಹಸಿರು ಶೇರ್ವಾನಿ

ಲವಂಗದ ವಾಸನೆ ಬಂದರೆ ನಿಮಗೆಲ್ಲ ಬಿರಿಯಾನಿ ನೆನಪಾಗಬಹುದು. ನನಗೆ ನೆನಪಾಗುವುದು ಗೋಕಾಕದ ನಮ್ಮ ಮನೆಯ ಅಟ್ಟ, ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಹಳೆಯ ಮಲಮಲ್ ಬಟ್ಟೆಯಲ್ಲಿ ಕೂಸಿನ ಹಾಗೆ ಸುತ್ತಿ ಮಲಗಿಸಿದ್ದ ಹಸಿರು ಶೇರ್ವಾನಿ. ನನ್ನ ಅಜ್ಜನ ಮದುವೆಗೆಂದು ಹೊಲಿಸಿದ್ದು ಅದು. ಅಜ್ಜ ಹೋದ, ಶೇರ್ವಾನಿ ಉಳಿಯಿತು. ಅಪ್ಪ, ಚಿಕ್ಕಪ್ಪಂದಿರು, ಆಮೇಲೆ ನನ್ನ ಅಣ್ಣ, ನಮ್ಮ ಮನೆಯ ಗಂಡಸರೆಲ್ಲ ಮದುಮಕ್ಕಳಾಗಿ ನಿಂತದ್ದು ಅದನ್ನು ತೊಟ್ಟೇ. ತೆಳ್ಳಗಿನವನಿಗೆ ಒಳಹೊಲಿಗೆ ಹಿಡಿಯುವುದು, ಮೈ ತುಂಬಿದವನಿಗೆ ಬಿಡಿಸುವುದು. ಅದರ ಕಾವಲಿಗೆ ನಿಂತವಳು ದಾದಿ, ನನ್ನ ಅಪ್ಪನ ತಾಯಿ. ಅವಳು ತುಕ್ಕಾನಟ್ಟಿಯ ಹೆಣ್ಣು. ಮನೆಯಲ್ಲಿ ನಮ್ಮದು ಉರ್ದು ಮಾತು; ಆದರೆ ದಾದಿಗೆ ಸಿಟ್ಟು ಬಂತೆಂದರೆ ತವರಿನ ಕನ್ನಡವೇ ಹೊರಡುತ್ತಿತ್ತು, ಓಣಿಗೆಲ್ಲ ಕೇಳುವ ಹಾಗೆ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಪೆಟ್ಟಿಗೆ ಕೆಳಗಿಳಿಯುತ್ತಿತ್ತು. ಹಿತ್ತಿಲ ಬೇವಿನ ನೆರಳಿಗೆ ಹೊರಸು ಹಾಕಿ, ಶೇರ್ವಾನಿಯ ಒಳಮಗ್ಗುಲು ಮೇಲೆ ಮಾಡಿ ಗಾಳಿಗೆ ಹಾಸುತ್ತಿದ್ದೆವು. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ಬೆಳ್ಳಿ ಗುಂಡಿ ಬಿಚ್ಚಿ ಬೇರೆ ಚೀಲದಲ್ಲಿಡದಿದ್ದರೆ ಬಟ್ಟೆಗೆ ಕಪ್ಪು ಹತ್ತುತ್ತದೆ. ಹೋದ ವರ್ಷದ ಮಡಿಕೆಯ ಗೆರೆಯ ಮೇಲೇ ಈ ವರ್ಷವೂ ಮಡಿಚಿದರೆ ಅಲ್ಲೇ ಸೀಳುತ್ತದೆ. ನುಸಿಗೆ ಇಡುವ ಡಾಂಬರು ಗುಳಿಗೆಯನ್ನಂತೂ ದಾದಿ ಹೊಸ್ತಿಲು ದಾಟಗೊಡುತ್ತಿರಲಿಲ್ಲ. "ದವಾಖಾನಿ ವಾಸನಿ ಹೊಡಿಯೂ ಮದುಮಗನ್ನ ಯಾವಾಕಿ ಮೂಸ್ತಾಳ?" ಎನ್ನುತ್ತಿದ್ದಳು. ಲವಂಗ, ಬಜೆ, ಒಣ ಬೇವಿನೆಲೆ ಸೇರಿಸಿ ಗಂಟು ಕಟ್ಟಿ, ಬಟ್ಟೆಗೆ ತಾಗದಂತೆ ಪೆಟ್ಟಿಗೆಯ ಮೂಲೆಗೆ ಇಡುವುದು ನನ್ನ ಕೆಲಸ. ಹಾಕಿಕೊಳ್ಳುವವರು ಗಂಡಸರು, ದುಡಿಯುವವಳು ನಾನು, ಇದು ಯಾವ ನ್ಯಾಯ ಅಂತ ಒಮ್ಮೆ ಮುಖ ಊದಿಸಿಕೊಂಡೆ. ದಾದಿ ಸಿಡುಕಿದಳು: "ಅವ್ರು ಒಂದ ದಿನದ ಗಿರಾಕಿಗೋಳು. ಇದು ನಂದು, ಆಮ್ಯಾಲೆ ನಿಂದು. ತಿಳೀತಿಲ್ಲೋ?" ಹತ್ತು ವರ್ಷದವಳಿಗೆ ಅಷ್ಟು ದೊಡ್ಡ ಆಸ್ತಿ ಯಾರು ಕೊಡುತ್ತಾರೆ, ನೀವೇ ಹೇಳಿ.

ಅಣ್ಣನ ಮದುವೆಯ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೆಳೆಯನೊಬ್ಬ ಶೇರ್ವಾನಿಗೆ ಅತ್ತರು ಬಳಿಯಲು ಬಂದ. ದಾದಿ ಅವನ ಕೈಗೇ ಏಟು ಹಾಕಿ, ಅತ್ತರನ್ನು ಕಿವಿಯ ಹಿಂದೆ ಹಚ್ಚಿಸಿದಳು. ಊಟಕ್ಕೆ ಕೂತಾಗ ಅಣ್ಣ ಸಾರಿನ ಬಟ್ಟಲಿಗೆ ಬಾಗಿದ. ಅಷ್ಟೇ. ದಾದಿ ಪರದೆ ಸರಿಸಿ, ಗಂಡಸರ ಪಂಕ್ತಿ ಅನ್ನುವುದನ್ನೂ ನೋಡದೆ ನುಗ್ಗಿ, ಅವನ ಕೊರಳಿಗೆ ಟವೆಲ್ ಕಟ್ಟಿದಳು. "ಏ ಭಾಡ್ಯಾ, ಸಾರ ಚೆಲ್ಲಿದ್ರ ನಿನ್ನ ಚರ್ಮಾ ಸುಲಿತೇನಿ!" ಇಡೀ ಪಂಕ್ತಿ ಹೋ ಎಂದು ನಕ್ಕಿತು. ಹಣೆಯಿಂದ ಇಳಿಬಿಟ್ಟ ಹೂವಿನ ಸೆಹರಾದೊಳಗೆ ಅಣ್ಣನ ಮುಖ ಕೆಂಪಾಗಿತ್ತು. ಆ ಅವಮಾನವನ್ನು ಅವನು ಮರೆಯಲೇ ಇಲ್ಲ.

ದಾದಿ ತೀರಿಕೊಂಡಳು. ಆಮೇಲೊಂದು ಮಳೆಗಾಲ ಹೊಳೆ ಓಣಿಯೊಳಗೇ ಬಂದು ಮನೆಯ ಹಿಂಗೋಡೆ ಕುಸಿಯಿತು. ಎಲ್ಲರೂ ಪಾತ್ರೆ, ಟಿವಿ, ಹಾಸಿಗೆ ಹೊತ್ತರು. ನಾನು ಪೆಟ್ಟಿಗೆ ಹೊತ್ತೆ. ಹುಚ್ಚಿ ಅಂದರು. ಅನ್ನಲಿ ಬಿಡಿ. ಈಗ ಆ ಜಾಗದಲ್ಲಿ ಅಂಗಡಿಗಳ ಶಟರು ಸಾಲಾಗಿ ನಿಂತಿವೆ. ಬೇವಿನ ಮರವೂ ಇಲ್ಲ, ಹೊರಸೂ ಇಲ್ಲ. ಪೆಟ್ಟಿಗೆ ಮಾತ್ರ ಘಟಪ್ರಭಾ ಊರಿನ ನನ್ನ ಮನೆಯಲ್ಲಿದೆ.

ಈ ವರ್ಷ ನನ್ನ ಮಗ ಸಲೀಮನಿಗೆ ಹುಕ್ಕೇರಿಯ ಹುಡುಗಿ ಗೊತ್ತಾದಳು. ಅವನಿಗೆ ತಂದೆ ಇಲ್ಲ. ನಿಕಾಹದಲ್ಲಿ ತಂದೆಯ ಬದಲು ಪಕ್ಕದಲ್ಲಿ, ಬಾಜೂ ಕೂಡಬೇಕಾದವನು ಸೋದರಮಾವ, ನನ್ನ ಅಣ್ಣ. ಪೆಟ್ಟಿಗೆ ತೆಗೆದದ್ದು ನೋಡಿ ಅಣ್ಣ ಮೆತ್ತಗೆ ಉರ್ದುವಿನಲ್ಲಿ ಶುರು ಮಾಡಿದ. ಬೆಳಗಾವಿಯಲ್ಲಿ ಮಣಿ ಹಚ್ಚಿದ ಶೇರ್ವಾನಿ ಬಾಡಿಗೆಗೆ ಸಿಗುತ್ತವಂತೆ, ಹಾಕಿಕೊಂಡು ಮರುದಿನ ವಾಪಸು ಕೊಟ್ಟರಾಯಿತಂತೆ. ಈ ಚಿಂದಿಯನ್ನು ನೋಡಿದರೆ ಹುಕ್ಕೇರಿಯವರು ಏನಂದುಕೊಂಡಾರು? ಚಿಂದಿ ಅಂದದ್ದೇ ತಡ, ನನಗೂ ಕನ್ನಡ ಬಂತು. "ಚಿಂದಿ ಅಂತೀ? ಇದನ್ನ ಹಾಕ್ಕೊಂಡ ನೀನೂ ಕುಂತಿದ್ದೆಲ್ಲೋ ಭಾಯಿ! ಯಾರ್ಯಾರೋ ಬೆವತ ಬಾಡಿಗಿ ಅಂಗಿ ನನ್ನ ಮಗಾ ಮೈಮ್ಯಾಲ ಹಾಕ್ಕೊಳ್ಳೂದಿಲ್ಲ!" ಹಾಗಾದರೆ ನಾನು ಅವನ ಬಾಜೂ ಕೂಡುವುದಿಲ್ಲ ಎಂದು ಅಣ್ಣ ಚಪ್ಪಲಿ ಮೆಟ್ಟಿ ಹೋದ. ತಂದೆಯಿಲ್ಲದ ಹುಡುಗ ನಾಲ್ಕು ಜನರ ನಡುವೆ ಒಬ್ಬನೇ ಕೂಡಬೇಕಾಗುತ್ತದಲ್ಲ ಎಂದು ಅಣ್ಣನ ಹಿಂದೆ ಹೊಸ್ತಿಲವರೆಗೆ ಹೋದೆ. ಆದರೂ ಸೋಲಲು ಮನಸ್ಸು ಒಪ್ಪಲಿಲ್ಲ.

ಸಲೀಮ ಸಕ್ಕರೆ ಕಾರ್ಖಾನೆಯ ಫಿಟ್ಟರ್. ಅಗಲ ಬೆನ್ನು; ಶೇರ್ವಾನಿ ತೊಡಿಸಿದರೆ ಗುಂಡಿ ಹತ್ತಲೇ ಇಲ್ಲ. ಪಕ್ಕದ ಒಳಹೊಲಿಗೆ ಬಿಚ್ಚಲು ಕೂತೆ, ಉಳಿದ ಬಟ್ಟೆಯನ್ನೆಲ್ಲ ಹೊರಗೆ ತೆಗೆದೆ. ತೆಗೆದವಳು ಹಾಗೇ ಕೂತುಬಿಟ್ಟೆ. ಶೇರ್ವಾನಿ ಹಸಿರು ಹಸಿರು ಅನ್ನುತ್ತಿದ್ದೆವಲ್ಲ, ಹೊರಗಿನ ಬಟ್ಟೆ ಯಾವಾಗಲೋ ಒಣಗಿದ ಕರಿಬೇವಿನ ಬಣ್ಣಕ್ಕೆ ತಿರುಗಿತ್ತು. ಹೊಲಿಗೆಯೊಳಗೆ ಅಡಗಿದ್ದದ್ದು ಮಾತ್ರ ಗಿಡದಿಂದ ಆಗ ತಾನೇ ಕಿತ್ತ ಕರಿಬೇವು. ದಾದಿ ಮದುಮಗಳಾಗಿ ಕಣ್ಣೆತ್ತಿ ಮೊದಲ ಸಲ ನೋಡಿದ ಬಣ್ಣ ಅದೇ. ಅಷ್ಟು ಒಳಗಿನವರೆಗೆ ಹಿಂದೆ ಯಾರಿಗೂ ಬಿಚ್ಚಬೇಕಾಗಿರಲಿಲ್ಲ; ನನ್ನ ಜನ್ಮದಲ್ಲಿ ನಾನು ಅದನ್ನು ಕಂಡಿರಲಿಲ್ಲ. ಹೊಲಿದ ಮೇಲೆ ಎರಡೂ ಪಕ್ಕೆಗೆ ಕಂಕುಳಿಂದ ಅಂಚಿನವರೆಗೆ ಹಸಿರು ಪಟ್ಟೆ ಎದ್ದು ಕಂಡಿತು. ಬಣ್ಣ ಹಾಕಿಸು, ಒಂದೇ ಆಗುತ್ತದೆ ಅಂದರು ನೆರೆಯವರು. ಯಾಕೆ ಹಾಕಿಸಲಿ? ಸಲೀಮ ಕನ್ನಡಿ ನೋಡಿಕೊಂಡು ನಕ್ಕ, ಬೇಡ ಅನ್ನಲಿಲ್ಲ.

ಹುಕ್ಕೇರಿಯಲ್ಲಿ ಜನ ನೋಡಿಯೇ ನೋಡಿದರು. ಹುಡುಗಿಯ ಕಡೆಯ ಹೆಂಗಸೊಬ್ಬಳು, "ಬಾಜೂಕ ತ್ಯಾಪಿ ಹಚ್ಚೀರೇನ್ರಿ?" ಎಂದು ಕೇಳಿದಳು. "ತ್ಯಾಪಿ ಅಲ್ರಿ ಅದು, ಬಟ್ಟಿ ಖರೆ ಬಣ್ಣ!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅಣ್ಣ ಬಂದಿದ್ದ; ಆದರೆ ನಿಕಾಹದ ಹೊತ್ತಿಗೆ ದೂರದ ಗೋಡೆಗೆ ಆತು ಕೂತಿದ್ದ. ನನ್ನ ಮಗನ ಬಾಜೂ ಜಾಗ ಖಾಲಿ ಇತ್ತು. ಪರದೆಯ ಸಂದಿಯಿಂದ ಅದನ್ನೇ ನೋಡುತ್ತ ನಿಂತೆ.

ಊಟಕ್ಕೆ ಕೂತರು; ಅಲ್ಲೂ ಮಗನ ಬಾಜೂ ಜಾಗ ಖಾಲಿಯೇ. ಬಡಿಸುವವನು ಸಾರಿನ ಸೌಟು ಎತ್ತಿದ. ಸಲೀಮ ಬಟ್ಟಲಿಗೆ ಬಾಗಿದ. ಅಷ್ಟರಲ್ಲಿ ಗೋಡೆಯ ಕಡೆಯಿಂದ ಯಾರೋ ಎಲೆ, ತಟ್ಟೆ, ಕಾಲು ದಾಟಿ ಓಡಿ ಬಂದರು. ಅಣ್ಣ! ಹೆಗಲ ಮೇಲಿನ ಟವೆಲ್ ಎಳೆದು ಸಲೀಮನ ಕೊರಳಿಗೆ ಕಟ್ಟುತ್ತ, ಇಡೀ ಪಂಕ್ತಿಗೆ ಕೇಳುವಂತೆ ಚೀರಿದ: "ಏ ಭಾಡ್ಯಾ, ಸಾರ ಚೆಲ್ಲಿದ್ರ ನಿನ್ನ ಚರ್ಮಾ ಸುಲಿತೇನಿ!" ಜನ ನಕ್ಕರು. ಅಣ್ಣ ನಗಲಿಲ್ಲ. ಪಕ್ಕೆಯ ಹಸಿರು ಪಟ್ಟೆಯ ಮೇಲೆ ಒಮ್ಮೆ ಕೈಯಾಡಿಸಿ, ಆ ಖಾಲಿ ಜಾಗದಲ್ಲಿ ಕೂತುಬಿಟ್ಟ. ಪರದೆಯ ಈಚೆ ನಾನು ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಮರುದಿನ ಶೇರ್ವಾನಿಯನ್ನು ನೆರಳಿಗೆ ಹಾಸಿ, ಗುಂಡಿ ಬಿಚ್ಚಿದೆ. ಒಳಹೊಲಿಗೆಯಲ್ಲಿ ಬಿಡಿಸಲು ಇನ್ನು ಬಟ್ಟೆ ಉಳಿದಿಲ್ಲ. ಉರ್ದು ಬಿಟ್ಟು ಕನ್ನಡದಲ್ಲಿ ಬೈಯುವ ಆ ಮನೆಯೂ ಇಲ್ಲ. ಯಾರಿಗಾಗಿ ಎತ್ತಿಡುತ್ತೀರೆಂದು ಹೊಸ ಸೊಸೆ ಕೇಳಿದಳು. ಲವಂಗದ ಗಂಟನ್ನು ಅವಳ ಕೈಗೆ ಕೊಟ್ಟು, ಹಳೆಯ ಗೆರೆ ಬಿಟ್ಟು ಬೇರೆ ಕಡೆ ಮಡಿಚಿದೆ.