ಸಾಕು ಮೇಡಂ

ಯಾರದಾದರೂ ಕಂಪನಿ ಮುಳುಗಿತೆಂದರೆ ಗಿರಿಜಾ ಮೇಡಂ ಚಪ್ಪಾಳೆ ತಟ್ಟುತ್ತಿದ್ದರು. ತೆಳ್ಳಗಿನ ಹೆಂಗಸು, ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. "ಇಲ್ಲೇ ಮುಳುಗ್ಸಿ, ಚೆನ್ನಾಗ್ ಮುಳುಗ್ಸಿ. ಆಚೆ ಹೋಗಿ ಮುಳುಗ್ಸುದ್ರೆ ನಾಕ್ ಜನದ ಮನೆ ಒಲೆ ಆರೋಯ್ತದೆ," ಎನ್ನುತ್ತಿದ್ದರು.

ಹೊಸೂರಿನ ಸುತ್ತ ಕಾರ್ಖಾನೆಗಳು ಮೇಲಿಂದ ಮೇಲೆ ಏಳುತ್ತಿದ್ದ 2000ರ ದಶಕದ ಮಾತು. ಮೂಕಂಡಪಲ್ಲಿಯಲ್ಲಿ ಲೋಹಕ್ಕೆ ನಿಕಲ್ ಲೇಪಿಸುವ ಸಣ್ಣ ಘಟಕವೊಂದರಲ್ಲಿ ನಾನು ಸೂಪರ್‌ವೈಸರ್. ದೊಡ್ಡ ಕಾರ್ಖಾನೆಯ ತರಬೇತಿ ವಿಭಾಗದಿಂದ ನಿವೃತ್ತರಾಗಿದ್ದ ಮೇಡಂ, ಭಾನುವಾರಗಳಂದು ಅವಲಪಲ್ಲಿಯ ತಮ್ಮ ಮನೆ ಮಹಡಿಯಲ್ಲಿ ನಮ್ಮಂಥವರಿಗೆ ಉದ್ಯಮ ನಡೆಸುವುದನ್ನು ಕಲಿಸುತ್ತಿದ್ದರು. ಪಾಠವಲ್ಲ, ಆಟ. ನೀರು ತುಂಬಿದ ಹಂಡೆಯ ಸುತ್ತ ತಂಡ ತಂಡವಾಗಿ ಕೂರಬೇಕು. ಪ್ರತಿ ತಂಡವೂ ಒಂದು ಕಂಪನಿ, ಹಂಡೆ ಎಲ್ಲರ ಅಂತರ್ಜಲ. ಪ್ರತಿ ಸುತ್ತಿನಲ್ಲೂ ಬೇಕಾದಷ್ಟು ಲೋಟ ನೀರು ತೆಗೆಯಬಹುದು. ಹೆಚ್ಚು ನೀರು, ಹೆಚ್ಚು ಮಾಲು. ಸುತ್ತು ಮುಗಿದಾಗ ಹಂಡೆಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ ನೀರನ್ನು ಮೇಡಂ ಪಕ್ಕದ ಕೊಡದಿಂದ ಮಳೆಯೆಂದು ಮತ್ತೆ ಸುರಿಯುತ್ತಿದ್ದರು. ಏನೂ ಉಳಿಸದಿದ್ದರೆ ಮಳೆಯೂ ಇಲ್ಲ. ಮೊದಲ ದಿನ ನಾವೆಲ್ಲ ಪೈಪೋಟಿಗೆ ಬಿದ್ದು ಹಂಡೆಯ ತಳ ಕೆರೆದು ಕಂಪನಿಗಳನ್ನೆಲ್ಲ ಮುಳುಗಿಸಿದ್ದೆವು.

ಇಂಗ್ಲಿಷಿನವರ ‘ಸಸ್ಟೈನಬಲ್’ ಎಂಬ ಪದವನ್ನು ಅವರು ಬಳಸುತ್ತಲೇ ಇರಲಿಲ್ಲ. ‘ಸಾಕು’ ಎನ್ನುತ್ತಿದ್ದರು. ಬೇಕಾದಷ್ಟಾಯಿತು ಎನ್ನುವುದಕ್ಕೂ ಅದೇ, ಹೊಟ್ಟೆಗೆ ಹಾಕಿ ಬೆಳೆಸು ಎನ್ನುವುದಕ್ಕೂ ಅದೇ. "ಒಂದೇ ಮಾತಲ್ಲಿ ಎರಡು ಕೆಲ್ಸ ಆಯ್ತದೆ. ಇನ್ಯಾಕ್ ಬೇಕು ಇಂಗ್ಲಿಷು?"

ಒಂದು ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತತೊಡಗಿದವು. ನಮ್ಮ ಮಾಲೀಕರು ಕೇಶವಮೂರ್ತಿ ಇನ್ನೂ ಆಳಕ್ಕೆ ಕೊರೆಸುತ್ತೇನೆಂದು ಹಟ ಹಿಡಿದರು. ಪಕ್ಕದ ಘಟಕದ ವೆಂಕಟಪ್ಪನವರು ಅದಕ್ಕಿಂತ ಆಳಕ್ಕೆ ಕೊರೆಸುತ್ತೇನೆಂದರು. ನೀರು ನಿಂತರೆ ಲೇಪನ ನಿಲ್ಲುತ್ತದೆ, ನಮ್ಮೆಲ್ಲರ ಕೆಲಸ ಹೋಗುತ್ತದೆ. ನನಗೆ ನಿಜಕ್ಕೂ ಭಯವಾಗಿತ್ತು. ಮೇಡಂ ಮುಂದೆ ತೋಡಿಕೊಂಡೆ. ಅವರು ಮಾಲೀಕರಿಬ್ಬರನ್ನೂ ಆಟಕ್ಕೆ ಕರೆಸಿ, ನಮ್ಮ ತಂಡದ ಲೋಟವನ್ನು ನನ್ನ ಕೈಗೇ ಕೊಟ್ಟರು.

ಇನ್ನೂ ತೆಗೆ ಎಂದು ಕೇಶವಮೂರ್ತಿ ಕಣ್ಣಲ್ಲೇ ಗದರಿಸುತ್ತಿದ್ದರು. ನಾನು ಲೋಟ ಕೆಳಗಿಟ್ಟು, "ಸಾಕು," ಎಂದೆ.

"ಸಾಕು ಚೆಪ್ಪೊದ್ದಮ್ಮಾ," ಎಂದು ವೆಂಕಟಪ್ಪ ನಕ್ಕರು. ಅವರ ತೆಲುಗಿನಲ್ಲಿ ಸಾಕು ಎಂದರೆ ನೆಪ, ಚೆಪ್ಪೊದ್ದು ಎಂದರೆ ಹೇಳಬೇಡ. ಪೈಪೋಟಿಗೆ ಹೆದರಿ ನಾನು ನೆಪ ಹೇಳುತ್ತಿದ್ದೇನೆ ಎಂದು ಅವರು ತಿಳಿದಿದ್ದರು. ನಮ್ಮ ಮಾಲೀಕರ ಮುಖ ಕೆಂಪಾಯಿತು.

ಮೇಡಂಗೆ ಅಷ್ಟೇ ಬೇಕಿತ್ತು. "ನೆಪ ಅಂತ್ಲೇ ಇಟ್ಕಳಿ ವೆಂಕಟಪ್ನೋರೆ. ನೀವು ಮನೇಲಿ ಎಮ್ಮೆ ಸಾಕಿದೀರಲ್ಲ, ಕೆಚ್ಚಲು ಪೂರ್ತಿ ಕರ್ಕೊಬುಡ್ತೀರಾ?"

"ಅದೆಂಗಾಯ್ತದೆ? ಕರೂಗೆ ಬಿಡಬೇಕಲ್ಲ."

"ಈ ಪದ್ಮನ ನೆಪಾನೂ ಅದೇಯ," ಎಂದು ಮೇಡಂ ನನ್ನ ಕಡೆ ಕೈ ತೋರಿಸಿದರು.

ವೆಂಕಟಪ್ಪ ಹಂಡೆಯೊಳಗೆ ಬಗ್ಗಿ ನೋಡಿದರು. ಆಮೇಲೆ ತಮ್ಮ ಲೋಟವನ್ನೂ ಕೆಳಗಿಟ್ಟರು. ಕೊನೆಯ ಸುತ್ತಿನಲ್ಲಿ ಮೇಡಂ ಸುರಿದ ನೀರು ಹಂಡೆ ತುಂಬಿ ಚೆಲ್ಲಿ ಮಹಡಿಯೆಲ್ಲ ಒದ್ದೆಯಾಯಿತು. ಮಾಲೀಕರಿಬ್ಬರೂ ಪ್ಯಾಂಟು ಮಡಚಿಕೊಂಡು ನಗುತ್ತಿದ್ದರೆ ನನಗೆ ಕುಣಿಯುವಷ್ಟು ಖುಷಿ.

ಕೊರೆಯುವ ಲಾರಿ ಬರಲೇ ಇಲ್ಲ. ಮಾಲು ತೊಳೆದ ನೀರನ್ನು ಶುದ್ಧಮಾಡಿ ಮತ್ತೆ ಬಳಸಲು ಇಬ್ಬರೂ ಸೇರಿ ತೊಟ್ಟಿ ಕಟ್ಟಿಸಿದರು. ಬೇಸಿಗೆ ಕಳೆಯಿತು. ಒಬ್ಬರ ಕೆಲಸವೂ ಹೋಗಲಿಲ್ಲ.

ಮರುವರ್ಷ ಮೇಡಂ ತಮ್ಮ ಮಗಳಿದ್ದ ಮೈಸೂರಿಗೆ ಹೊರಟರು. ಹೇಳಿಹೋಗಲು ಘಟಕಕ್ಕೆ ಬಂದಿದ್ದಾಗ ಕೇಶವಮೂರ್ತಿ ಅವರನ್ನು ಕೇಳಿದರು: "ದೊಡ್ಡ ಆರ್ಡರ್ ಬಂದದೆ ಮೇಡಂ. ಇನ್ನೊಂದು ಲೈನ್ ಹಾಕ್ಬೋದಾ? ನೀರು ತಡೀತದಾ?"

"ನನ್ನ್ ಯಾಕ್ ಕೇಳ್ತೀರಿ? ನಿಮ್ ಪದ್ಮ ಇಲ್ಲೇ ಅವ್ಳಲ್ಲ."

ಮಾಲೀಕರು ನನ್ನ ಕಡೆ ತಿರುಗಿ ಕಾದು ನಿಂತರು. ಅವರು ನನ್ನ ಮಾತಿಗೆ ಹಾಗೆ ಕಾದದ್ದು ಅದೇ ಮೊದಲು. ನಾನು ಏನು ಹೇಳುತ್ತೇನೆಂದು ಕೇಳಿಸಿಕೊಳ್ಳಲೂ ನಿಲ್ಲದೆ ಗಿರಿಜಾ ಮೇಡಂ ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೊರಟುಬಿಟ್ಟರು.