ಮೋಲ್ಡ್ ದಿನದ ಟಾರ್ಪಾಲು

ಬೂದಿಕೋಟೆ ಹತ್ತಿರ ಮುನಿಯಮ್ಮ ಅನ್ನುವವರ ಹೊಸ ಮನೆಯ ತಾರಸಿಗೆ ಮೋಲ್ಡ್ ಹಾಕಿದ ದಿನ ನಾನೇ ಇಂಜಿನಿಯರ್. ನಮ್ಮ ಕಡೆ ಮೋಲ್ಡ್ ದಿನ ಕೆಲಸದವರಿಗೆಲ್ಲ ಮನೆಯವರು ಬಿರಿಯಾನಿ ಹಾಕಿಸಲೇಬೇಕು. ಅಂಗಳದಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಬಿರಿಯಾನಿ ದಬರಿ, ಮುಚ್ಚಳ ಬಿಗಿದು, ದಮ್ಮಿಗೆ ಕೂತಿತ್ತು. ಮೇಲೆ ಕಾಂಕ್ರೀಟ್ ಮಟ್ಟ ಮಾಡಿ ಮುಗಿಸುವಷ್ಟರಲ್ಲಿ ಮಳೆ ಹಿಡಿಯಿತು.

"ಟಾರ್ಪಾಲ್ ತಗೊಂಬನ್ನಿ!" ಅಂತ ಮೇಲಿಂದ ಕೂಗಿದೆ.

ಮೂರು ಜನ ಟಾರ್ಪಾಲ್ ಎತ್ತಿಕೊಂಡು ಓಡಿಬಂದರು. ಏಣಿ ದಾಟಿಕೊಂಡು ಮುಂದಕ್ಕೆ ಓಡಿ, ಅದನ್ನು ಒಲೆಯ ಮೇಲೆ ಚಪ್ಪರದ ಹಾಗೆ ಹಿಡಿದು ನಿಂತರು.

"ಸೆಲ್ವಣ್ಣ, ಮೋಲ್ಡ್!"

ಆಂಡರ್ಸನ್‌ಪೇಟೆಯ ಮೇಸ್ತ್ರಿ ಸೆಲ್ವಣ್ಣ ತಲೆಯೆತ್ತಿ ನೋಡಿದ. "ಅದನ್ನ ಬೆಳಿಗ್ಗೆ ಸರಿ ಮಾಡ್ಬೋದು ಸಾರ್. ದಮ್ ಕೆಟ್ರೆ ಇದನ್ನ ಯಾರು ಸರಿ ಮಾಡ್ತಾರೆ?"

ಮನೆಯವರಾದರೂ ಹೇಳಲಿ ಅಂತ ಮುನಿಯಮ್ಮನನ್ನು ಹುಡುಕಿದೆ. ಟಾರ್ಪಾಲಿನ ನಾಲ್ಕನೇ ಮೂಲೆ ಅವರ ಕೈಯಲ್ಲಿತ್ತು.

"ಇಳ್ದು ಬಾರಪ್ಪ, ನೆನೀತೀಯ," ಅಂದರು.

ಬೆಳಿಗ್ಗೆ ನೋಡಿದರೆ ಮೋಲ್ಡಿನ ಮೈಯೆಲ್ಲ ಸಿಡುಬು ಎದ್ದ ಹಾಗೆ ಗುಳಿ ಗುಳಿ. ಸದ್ಯ, ಒಳಗೆ ಗಟ್ಟಿಯಾಗಿತ್ತು. ಸೆಲ್ವಣ್ಣ ಸಡಿಲವಾಗಿದ್ದನ್ನೆಲ್ಲ ತಂತಿ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ತೊಳೆದು, ಸಿಮೆಂಟ್ ಹಾಲು ಬಳಿದು, ಮೇಲೆ ತೆಳ್ಳಗೆ ಗಾರೆ ಎಳೆದ. ನಾನು ಬೈಯಲಿಲ್ಲ. ಹಿಂದಿನ ದಿನ ಎರಡು ಸಲ ಹಾಕಿಸಿಕೊಂಡು ತಿಂದವನು ಯಾವ ಬಾಯಲ್ಲಿ ಬೈಯಲಿ?

ಆ ಮನೆ ಇವತ್ತಿಗೂ ಸೋರಿಲ್ಲ. ಈಗ ನಾನು ಎಲ್ಲೇ ಮೋಲ್ಡ್ ಹಾಕಿಸಿದರೂ ಎರಡು ಟಾರ್ಪಾಲ್ ತರಿಸುತ್ತೇನೆ. ಒಲೆಯದನ್ನು ಮೊದಲು ಕಟ್ಟಿಸುತ್ತೇನೆ.